ಬ್ರೋಕರ್ ಇಲ್ಲದೆ ಶಿವಮೊಗ್ಗದಲ್ಲಿ ಮನೆ ಮಾರಿದವರು ಯಾರಾದರೂ ಇದ್ದೀರಾ?

ತುಂಗೆಯ ದಡ:
ಎಲ್ಲರಿಗೂ ನಮಸ್ಕಾರ. ವಿನೋಬನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. 30-40 ಸೈಟು, ಮುಂದೆ ಆರ್‌ಸಿಸಿ, ಹಿಂದೆ ಬಚ್ಚಲಿಗೂ ಸೌದೆ ಕೊಟ್ಟಿಗೆಗೂ ಹೆಂಚು. 1994ರಲ್ಲಿ ಗೃಹಪ್ರವೇಶ ಆಗಿದ್ದು. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅಮ್ಮ ಈಗ ಗೋಪಾಳದಲ್ಲಿ ನಮ್ಮ ಜೊತೆ ಇದ್ದಾರೆ, ಮನೆ ಬೀಗ ಹಾಕಿ ಬಿದ್ದಿದೆ. ಒಂದು ಮಳೆಗಾಲ ಬೀಗ ಹಾಕಿಟ್ಟರೆ ನಮ್ಮೂರಲ್ಲಿ ಮನೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಒಬ್ಬ ಬ್ರೋಕರ್ ಬಂದು ನೋಡಿದರು. 75 ಲಕ್ಷದ ಹತ್ತಿರ ಹೋಗುತ್ತದೆ, ನನಗೆ 2 ಪರ್ಸೆಂಟ್ ಅಂದರು. ಅಂದರೆ ಒಂದೂವರೆ ಲಕ್ಷ. ಕೊಳ್ಳುವವರ ಹತ್ತಿರವೂ ಅಷ್ಟೇ ತಗೊಳ್ಳುತ್ತಾರಂತೆ. ನಾವೇ ಒಂದು ಬೋರ್ಡ್ ಬರೆಸಿ ಗೇಟಿಗೆ ಕಟ್ಟಿದರೆ ಆಗಲ್ವಾ? ಮಾರಿ ಗೊತ್ತಿರುವವರು ಹೇಳಿ.

ಅಡಿಕೆ ಸಿಪ್ಪೆ:
ಆಗುತ್ತದೆ ಮಾರಾಯ್ರೆ. ನಾನು ಸಾಗರದಲ್ಲಿ ನಮ್ಮ ಮನೆ ಹಾಗೇ ಮಾರಿದ್ದು. ಹತ್ತು ತಿಂಗಳು ಹಿಡಿಯಿತು, ಅದೊಂದು ನೆನಪಿಟ್ಟುಕೊಳ್ಳಿ. ಬೋರ್ಡಿನಲ್ಲಿ "ಬ್ರೋಕರ್‌ಗಳು ಕರೆ ಮಾಡಬೇಡಿ" ಅಂತ ಬರೆಸಿದ್ದೆ. ಮೊದಲ ವಾರ ಬಂದ ಕರೆಗಳೆಲ್ಲ ಬ್ರೋಕರ್‌ಗಳದ್ದೇ. "ನಾನು ಬ್ರೋಕರ್ ಅಲ್ಲ ಸಾರ್, ನಮ್ಮ ಕಡೆ ಒಂದು ಪಾರ್ಟಿ ಇದೆ" ಅಂತ ಶುರು ಮಾಡುತ್ತಾರೆ.

ಇನ್ನೊಂದು ಮಾತು, ರೇಟು. ಪಕ್ಕದ ಮನೆಯವರು ಹೇಳಿದ ರೇಟು ನಂಬಬೇಡಿ. 2023ರ ಫೆಬ್ರವರಿಯಲ್ಲಿ ಏರ್‌ಪೋರ್ಟ್ ಉದ್ಘಾಟನೆ ಆಯಿತಲ್ಲ, ಅವತ್ತಿನಿಂದ ಶಿವಮೊಗ್ಗದಲ್ಲಿ ಹಳೇ ಗೋಡೌನಿಗೂ ವಿಮಾನದ ರೇಟು. ಏರ್‌ಪೋರ್ಟ್ ಇರುವ ಸೋಗಾನೆ ಎಲ್ಲಿ, ವಿನೋಬನಗರ ಎಲ್ಲಿ! ನಿಮ್ಮ ರಸ್ತೆಯಲ್ಲಿ ಹೋದ ವರ್ಷ ನಿಜವಾಗಿ ಮಾರಿದವರು ಯಾರು ಅಂತ ಹುಡುಕಿ. ಮಾರಿದವರು ಹೇಳುವುದು ಜಾಸ್ತಿ ಇರುತ್ತದೆ, ಕೊಂಡವರು ಹೇಳುವುದು ಕಡಿಮೆ. ನಡುವೆ ಎಲ್ಲೋ ಸತ್ಯ ಇರುತ್ತದೆ.

ಕಾಗದ ಪತ್ರ:
ಬೋರ್ಡ್ ಆಮೇಲೆ ಬರೆಸಿ. ಮೊದಲು ಕಾಗದ. ವಕೀಲರ ಆಫೀಸಿನಲ್ಲಿ ಹದಿನಾಲ್ಕು ವರ್ಷ ಟೈಪ್ ಮಾಡಿದವಳು ಹೇಳುತ್ತಿದ್ದೇನೆ, ಬ್ರೋಕರ್ ಇಲ್ಲದೆ ಮಾರಲು ಹೋಗಿ ಮುರಿದುಬಿದ್ದ ವ್ಯವಹಾರಗಳಲ್ಲಿ ಬಹಳಷ್ಟು ಕಾಗದದಿಂದಲೇ ಮುರಿದವು, ರೇಟಿನಿಂದ ಅಲ್ಲ.

ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ ಅಂದುಕೊಂಡಿದ್ದೇನೆ. ಹಾಗಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಹಿಡಿದು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ. ಆಮೇಲೆ ಇ-ಖಾತಾ, ಅಂದರೆ ಪಾಲಿಕೆಯ ಕಂಪ್ಯೂಟರ್ ಖಾತೆ. ಈಗ ಪಾಲಿಕೆ ವ್ಯಾಪ್ತಿಯ ಆಸ್ತಿಗೆ ಅದಿಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಅದರಲ್ಲಿ ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಮನೆಯ ಫೋಟೊ ಎಲ್ಲ ಬರುತ್ತದೆ. ಹಳೇ ಕ್ರಯಪತ್ರದಲ್ಲಿ "ಪೂರ್ವಕ್ಕೆ ಖಾಲಿ ನಿವೇಶನ" ಅಂತ ಇರುತ್ತದೆ, ಈಗ ಅಲ್ಲಿ ಮೂರು ಮಹಡಿ ಎದ್ದಿರುತ್ತದೆ. ಅಪ್ಪನ ಹೆಸರು ಒಂದು ಕಡೆ ಇನಿಶಿಯಲ್ ಜೊತೆ, ಇನ್ನೊಂದು ಕಡೆ ಊರಿನ ಹೆಸರಿನ ಜೊತೆ. ಇದೆಲ್ಲ ಮನೆಯಲ್ಲಿ ಕೂತು ನೋಡಿದರೆ ಸಣ್ಣ ವಿಷಯ. ಕೊಳ್ಳುವವರ ಬ್ಯಾಂಕಿನ ವಕೀಲರು ನೋಡಿದರೆ ಎರಡು ತಿಂಗಳ ಕೆಲಸ.

ಅಕ್ಕ ತಂಗಿಯರು ಇದ್ದಾರಾ? ಅವರನ್ನು ಮೊದಲೇ ಕೂರಿಸಿ ಮಾತಾಡಿ.

ತುಂಗೆಯ ದಡ:
ಒಬ್ಬರು ಅಕ್ಕ, ಒಬ್ಬಳು ತಂಗಿ. ಇಬ್ಬರದ್ದೂ ತಕರಾರು ಇಲ್ಲ. ಮದುವೆ ಆಗಿ ಇಪ್ಪತ್ತು ವರ್ಷ ಆಯಿತು, ಅವರ ಸಹಿ ಬೇಕೇ ಬೇಕಾ? ನಮ್ಮ ಚಿಕ್ಕಪ್ಪ 2005ಕ್ಕಿಂತ ಮುಂಚೆ ಮದುವೆ ಆದವರಿಗೆ ಬೇಡ ಅನ್ನುತ್ತಾರೆ.

ಕಾಗದ ಪತ್ರ:
ಚಿಕ್ಕಪ್ಪನವರಿಗೆ ಕಾಫಿ ಕೊಟ್ಟು ಕಳಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯ ವಿಷಯ, ಅದರಲ್ಲೂ ಮದುವೆ ಆದ ವರ್ಷ ಈಗ ಲೆಕ್ಕಕ್ಕಿಲ್ಲ. ನಿಮ್ಮದು ಅಪ್ಪ ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ್ದು. ವಿಲ್ ಇಲ್ಲದೆ ತೀರಿಕೊಂಡರೆ 1956ರ ಮೂಲ ಕಾಯ್ದೆಯಿಂದಲೇ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು, ಇದನ್ನು ತುಂಬಾ ಜನ ಮರೆಯುತ್ತಾರೆ.

ಎರಡು ದಾರಿ ಇದೆ. ಅಕ್ಕ ತಂಗಿ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬಹುದು. ಇಲ್ಲ ಎಲ್ಲರೂ ಸೇರಿ ಕ್ರಯಪತ್ರಕ್ಕೆ ಸಹಿ ಹಾಕಬಹುದು. ದುಡ್ಡು ಹಂಚಿಕೊಳ್ಳುವುದೇ ಆದರೆ ಎರಡನೆಯದು ನೇರ.

ಸಾಗರ ರೋಡ್:
ನಾನು ಬ್ರೋಕರ್. ಬೈಯಬೇಡಿ, ಎರಡು ಮಾತು ಹೇಳಿ ಹೋಗುತ್ತೇನೆ.

ಬೋರ್ಡ್ ಕಟ್ಟುವುದಕ್ಕೆ ನಾವು ಬೇಕಾಗಿಲ್ಲ, ನಿಜ. ಕಾಗದಕ್ಕೂ ಬೇಕಾಗಿಲ್ಲ, ಮೇಡಂ ಚೆನ್ನಾಗಿ ಹೇಳಿದ್ದಾರೆ. ಆದರೆ ನಿಮ್ಮ ಮನೆ ನೋಡಲು ಬಂದವರು ನಿಮ್ಮ ಎದುರೇ ನಿಮ್ಮ ಮನೆಯನ್ನು ಹಳಿಯುತ್ತಾರೆ. ರೇಟು ಇಳಿಸಲು ಹಳಿಯಲೇಬೇಕು, ಅದು ಅವರ ಕೆಲಸ. ನನ್ನ ಎದುರು ಹಳಿದರೆ ನನಗೇನೂ ಆಗುವುದಿಲ್ಲ, ನಗುತ್ತಾ "ಹೌದು ಸಾರ್, ಅದಕ್ಕೇ ಈ ರೇಟು" ಅನ್ನುತ್ತೇನೆ. ನಿಮಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದವರು ಒಂದೋ ಪಾರ್ಟಿಯನ್ನು ಓಡಿಸುತ್ತಾರೆ, ಇಲ್ಲ ಮುಜುಗರಕ್ಕೆ ಎರಡು ಲಕ್ಷ ಬಿಟ್ಟುಕೊಡುತ್ತಾರೆ. ನೀವೇ ಮಾಡಿ ನೋಡಿ, ಆಮೇಲೆ ಹೇಳಿ.

ಅಡಿಕೆ ಸಿಪ್ಪೆ:
ಸಾಗರ ರೋಡ್ ಅವರೇ, ನೀವು ಒಂದೇ ಮನೆಗೆ ಎರಡೂ ಕಡೆಯಿಂದ ತಗೊಳ್ಳುತ್ತೀರಿ, ಹಾಗಾದರೆ ನೀವು ಯಾರ ಪರ? ಬೇಗ ಮುಗಿದರೆ ಸಾಕು ಅನ್ನುವವರ ಪರ ಅಂತ ನನ್ನ ಅನುಮಾನ. ನಿಮ್ಮನ್ನೇ ಅಂತಲ್ಲ, ಸುಮ್ನೆ ಹೇಳಿದೆ.

ಸಾಗರ ರೋಡ್:
ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಸಾರ್.

ತೀರ್ಥಹಳ್ಳಿ ತಿರುವು:
ವಿಷಯ ಸ್ವಲ್ಪ ಬೇರೆ, ಆದರೆ ಇಲ್ಲೇ ಕೇಳುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಅಜ್ಜನ ಕಾಲದ್ದು, ನಾಲ್ಕಂಕಣ, ಬೀಟೆ ಕಂಬ. ತೋಟ ಇಟ್ಟುಕೊಂಡು ಮನೆ ಮತ್ತು ಸುತ್ತಲಿನ ಹತ್ತು ಗುಂಟೆ ಮಾತ್ರ ಬೆಂಗಳೂರಿನವರಿಗೆ ಕೊಡಬಹುದಾ? ಹೋಂಸ್ಟೇ ಮಾಡುತ್ತಾರಂತೆ, ಒಳ್ಳೆ ರೇಟು ಹೇಳುತ್ತಿದ್ದಾರೆ.

ಕಾಗದ ಪತ್ರ:
ಮನೆ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಗ್ರಾಮಠಾಣಾದಲ್ಲಿ, ಅಂದರೆ ಊರಿನ ವಸತಿ ಜಾಗದಲ್ಲಿದ್ದರೆ ಪಂಚಾಯಿತಿಯಿಂದ ಇ-ಸ್ವತ್ತು, ಅಂದರೆ ಫಾರಂ 9 ಮತ್ತು 11 ತೆಗೆಸಿ ಮಾರಬಹುದು. ಪಹಣಿ ಜಮೀನಿನ ಒಳಗಿದ್ದು ಭೂ ಪರಿವರ್ತನೆ ಆಗಿಲ್ಲದಿದ್ದರೆ ಕಾಗದದ ಮೇಲೆ ಅಲ್ಲಿ ಮನೆಯೇ ಇಲ್ಲ, ಬರೀ ಜಮೀನು. ಹತ್ತು ಗುಂಟೆ ಬೇರೆ ಮಾಡಲು 11ಇ ಸ್ಕೆಚ್, ಅಂದರೆ ಸರ್ವೆ ನಕ್ಷೆ ಬೇಕು, ಪರಿವರ್ತನೆ ಬೇಕು. ಬಗರ್ ಹುಕುಂನಲ್ಲಿ, ಅಂದರೆ ಸಾಗುವಳಿ ಮಾಡುತ್ತಿದ್ದ ಸರ್ಕಾರಿ ಜಮೀನು ಅಂತ ಮಂಜೂರಾದ ಜಾಗ ಆದರೆ ಮಂಜೂರಾತಿ ಆದೇಶದಲ್ಲಿ ಇಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಷರತ್ತು ಇರುತ್ತದೆ, ಅದನ್ನು ಓದದೆ ಅಡ್ವಾನ್ಸ್ ಮುಟ್ಟಲೇಬೇಡಿ.

"ಜಿಪಿಎ ಮಾಡಿಕೊಡಿ ಸಾಕು" ಅಂತ ಅವರು ಹೇಳಬಹುದು, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ. ಜಿಪಿಎಯಿಂದ ಮಾಲೀಕತ್ವ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿ ಆಗಿದೆ.

ತೀರ್ಥಹಳ್ಳಿ ತಿರುವು:
ಅಯ್ಯೋ, ಅದೇ ಜಿಪಿಎ ಅಂದರು ಮೇಡಂ! ಥ್ಯಾಂಕ್ಸ್. ಬೀಟೆ ಕಂಬ ಅಲ್ಲೇ ಇರಲಿ.

ತುಂಗೆಯ ದಡ:
ಎರಡೂವರೆ ತಿಂಗಳ ಮೇಲೆ ಬರುತ್ತಿದ್ದೇನೆ. ಕಾಗದ ಮೊದಲು ಅಂದಿರಲ್ಲ ಮೇಡಂ, ನಿಮಗೆ ಕೈ ಮುಗಿಯಬೇಕು.

ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ ತೆಗೆಸಿದೆ. ಇತ್ತೀಚಿನ ವರ್ಷಗಳದ್ದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಸಿಕ್ಕಿತು. ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಬಂದ ಹಾಳೆಯಲ್ಲಿ 1993ರ ಒಂದು ಅಡಮಾನ ಕೂತಿದೆ! ಅಪ್ಪ ಮನೆ ಕಟ್ಟಲು ಒಂದು ಸೊಸೈಟಿಯಲ್ಲಿ ಸಾಲ ಮಾಡಿದ್ದರು. ತೀರಿಸಿದ್ದೂ ಆಗಿತ್ತು, ಅಮ್ಮನಿಗೆ ನೆನಪಿದೆ, ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದರಂತೆ. ಆದರೆ ಋಣ ತೀರಿದ ಪತ್ರ ಯಾರೂ ರಿಜಿಸ್ಟರ್ ಮಾಡಿಸಿಲ್ಲ. ಸೊಸೈಟಿಗೆ ಹೋದರೆ ಅಲ್ಲಿದ್ದವರು ಹುಟ್ಟುವ ಮೊದಲಿನ ಸಾಲ. ಆರು ಸಲ ಹೋದೆ. ಏಳನೇ ಸಲ ಒಬ್ಬ ಹಳೇ ಗುಮಾಸ್ತರು ಅಟ್ಟದಿಂದ ಲೆಡ್ಜರ್ ಇಳಿಸಿ, ಧೂಳು ಕೊಡವಿ, ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಪುಟ ತಿರುಗಿಸಿದರು. ಅಪ್ಪನ ಸಹಿ ಸಿಕ್ಕಿತು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಚುಕ್ತಾ". ನನಗೆ ಗಂಟಲು ಕಟ್ಟಿತು. ಅವರು ಮಾತ್ರ "ಜೆರಾಕ್ಸ್ ಮಾಡಿಸಿಕೊಂಡು ಬನ್ನಿ, ಊಟಕ್ಕೆ ಹೋಗಬೇಕು" ಅಂದರು.

ಬ್ರೋಕರ್‌ಗೆ ಕೊಟ್ಟಿದ್ದರೂ ಈ ಓಡಾಟ ನನ್ನದೇ ಆಗುತ್ತಿತ್ತು ಅಲ್ವಾ?

ಸಾಗರ ರೋಡ್:
ಆಗುತ್ತಿತ್ತು. ನಾವು ನಾಲ್ಕನೇ ಸಲಕ್ಕೆ ಫೋನ್ ಎತ್ತುವುದು ಬಿಡುತ್ತಿದ್ದೆವು.

ಭದ್ರಾವತಿ ಬಸ್ಸು:
ಬ್ಯಾಂಕ್ ಸಾಲ ಈಗ ತೀರಿಸುವವರಿಗೆ ಒಂದು ಸೌಕರ್ಯ ಇದೆ. ಪೂರ್ತಿ ಕಟ್ಟಿದ 30 ದಿನದಲ್ಲಿ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ, 2023ರ ಡಿಸೆಂಬರ್‌ನಿಂದ. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ನಾನು ಆ ನಿಯಮದ ಪ್ರಿಂಟ್ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ, ಎರಡೇ ದಿನದಲ್ಲಿ ಪತ್ರ ಬಂತು.

ತುಂಗೆಯ ದಡ:
ಮನೆ ತೋರಿಸುವ ಕಥೆ ಹೇಳುತ್ತೇನೆ, ಉದ್ದ ಇದೆ.

ಬೋರ್ಡ್ ಕಟ್ಟಿದ್ದು ಜೂನ್‌ನಲ್ಲಿ. ಆನ್‌ಲೈನ್‌ನಲ್ಲೂ ಹಾಕಿದೆ. ಮೊದಲ ಕರೆಯೇ "ನಾನು ಸೈನ್ಯದಲ್ಲಿದ್ದೇನೆ, ಮನೆ ನೋಡುವುದು ಬೇಡ, ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂತ. ದುಡ್ಡು ಬರಲು ನಾನ್ಯಾಕೆ ಸ್ಕ್ಯಾನ್ ಮಾಡಬೇಕು ಮಾರಾಯ? ಇಟ್ಟೆ. ಆಮೇಲೆ ಮನೆಗೆ ಬಂದವರಲ್ಲಿ ಅರ್ಧ ಜನ ಸುಮ್ನೆ ನೋಡಲು ಬಂದವರು. ಒಬ್ಬರು ಸಂಸಾರ ಸಮೇತ ಬಂದು, ಪೂರ್ತಿ ನೋಡಿ, ಕಾಫಿ ಕುಡಿದು, ತಾವು ಕಟ್ಟಿಸುತ್ತಿರುವ ಮನೆಗೆ ಐಡಿಯಾ ತಗೊಂಡು ಹೋದರು. ಇನ್ನೊಬ್ಬರು ದಿಕ್ಸೂಚಿ ಹಿಡಿದು ಬಂದರು. ಈಶಾನ್ಯಕ್ಕೆ ಬಚ್ಚಲು ಇದೆ ಅಂತ ಚಪ್ಪಲಿ ಬಿಡದೆ ವಾಪಸ್. ಆಷಾಢ ಬಂತು ನೋಡಿ, ಫೋನ್ ಸತ್ತೇ ಹೋಯಿತು.

ಆ ಮಳೆಯಲ್ಲಿ ಬಂದವರು ಒಬ್ಬರೇ. ಅವರ ತಾಯಿಯೂ ಬಂದಿದ್ದರು, ಎಪ್ಪತ್ತರ ಮೇಲಿನ ಅಜ್ಜಿ. ಅಜ್ಜಿ ಹಾಲ್ ನೋಡಲಿಲ್ಲ, ರೂಮು ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ ಪಶ್ಚಿಮದ ಗೋಡೆಗೆ ಹೆಬ್ಬೆರಳು ಒತ್ತಿದರು. ಸುಣ್ಣ ಉದುರಿತು. ಬೆರಳು ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು, "ಇಲ್ಲಿ ನೀರು ಇಳೀತದೆ" ಅಂದರು. ನಾನು ಇಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ "ಹೌದು, ಗಾಳಿ ಮಳೆ ಆ ಕಡೆಯಿಂದಲೇ ಹೊಡೆಯುವುದು, ತಗಡು ಹೊದಿಸಿದರೆ ಸರಿಹೋಗುತ್ತದೆ, ಇವರ ಅಪ್ಪ ಪ್ರತಿ ವರ್ಷ ಹೊದಿಸುತ್ತಿದ್ದರು" ಅಂದುಬಿಟ್ಟರು. ಇಬ್ಬರೂ ಕೂತು ಅರ್ಧ ಗಂಟೆ ತಗಡು, ಸೋಗೆ, ಮಳೆಯ ಮಾತಾಡಿದರು. ನಾನೂ ಅಜ್ಜಿಯ ಮಗನೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು.

ಆದರೆ ಸಾಗರ ರೋಡ್ ಅವರು ಹೇಳಿದ್ದೂ ಆಯಿತು. ಅದಕ್ಕೆ ಹಿಂದಿನ ವಾರ ಒಬ್ಬರು ಬಂದಿದ್ದರು. ಗೋಡೆ ತಟ್ಟುತ್ತಾ "ಇದನ್ನೆಲ್ಲ ಒಡೆದು ಹಾಕಿ ಪಿಜಿ ಕಟ್ಟಬೇಕು, ಕಟ್ಟಡಕ್ಕೆ ಬೆಲೆ ಇಲ್ಲ, ಸೈಟಿಗೆ ಮಾತ್ರ ಕೊಡುತ್ತೇನೆ" ಅಂದರು. ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ಆ ಮನುಷ್ಯನಿಗೆ ಏನಂದೆ ಅಂತ ಇಲ್ಲಿ ಬರೆಯುವುದಿಲ್ಲ. ಈಗ ಯೋಚಿಸಿದರೆ, ಅವರು ಹೇಳಿದ ರೇಟು ಅಷ್ಟೇನೂ ಕೆಟ್ಟದಿರಲಿಲ್ಲ.

ಸಾಗರ ರೋಡ್:
ಮುಂದಿನ ಸಲ ಅಮ್ಮನನ್ನು ಅಕ್ಕನ ಮನೆಗೆ ಕಳಿಸಿ. ರೇಟು ಮಾತಾಡಲು ನೀವೂ ಕೂರಬೇಡಿ. ಭಾವನೋ ಮಾವನೋ ಇದ್ದರೆ ಅವರನ್ನು ಕೂರಿಸಿ. ಮನೆಯ ಮೇಲೆ ಆಸೆ ಇಲ್ಲದವರು ಒಬ್ಬರು ನಡುವೆ ಇರಬೇಕು, ಅಷ್ಟೇ. ಉಚಿತ ಸಲಹೆ.

ಗಾಜನೂರು ಗಾಳಿ:
ಮಳೆಗಾಲದಲ್ಲಿ ಮನೆ ತೋರಿಸಿದ್ದೇ ತಪ್ಪು. ಅಡಿಕೆ ಕೊಯ್ಲು ಮುಗಿದು ಕೈಗೆ ದುಡ್ಡು ಬಂದಮೇಲೆ ಹಾಕಬೇಕಿತ್ತು. ತೀರ್ಥಹಳ್ಳಿ, ಹೊಸನಗರ ಕಡೆಯವರು ಮಕ್ಕಳ ಓದಿಗೆ ಶಿವಮೊಗ್ಗದಲ್ಲಿ ಮನೆ ಹುಡುಕುವುದು ಬೇಸಿಗೆಯಲ್ಲಿ. ಸುಣ್ಣ ಬಣ್ಣ ಹೊಡೆದು ಫೆಬ್ರವರಿಯಲ್ಲಿ ತೋರಿಸಿ.

ಅಡಿಕೆ ಸಿಪ್ಪೆ:
ನಾನು ಒಪ್ಪುವುದಿಲ್ಲ. ಮಳೆಯಲ್ಲಿ ನೋಡಿ ಒಪ್ಪಿದವರು ಆಮೇಲೆ ಫೋನ್ ಮಾಡಿ ಜಗಳ ಆಡುವುದಿಲ್ಲ. ಬಣ್ಣದ ಕೆಳಗೆ ತೇವ ಮುಚ್ಚಿಟ್ಟು ಮಾರಿದರೆ ಅದೇ ಊರಲ್ಲಿ ತಿರುಗಾಡಬೇಕಲ್ಲ, ಗಾಂಧಿ ಬಜಾರಿನಲ್ಲಿ ಎದುರಿಗೇ ಸಿಗುತ್ತಾರೆ.

ತುಂಗೆಯ ದಡ:
ಅಜ್ಜಿಯ ಮಗನೇ ವಾಪಸ್ ಬಂದರು, ಫೆಬ್ರವರಿಯಲ್ಲಿ! ಹೊಸನಗರ ಕಡೆಯವರು, ಅಡಿಕೆ ಮಂಡಿಯಲ್ಲಿ ಇಟ್ಟು ರೇಟು ಏರಲಿ ಅಂತ ಕಾಯುತ್ತಿದ್ದರಂತೆ. ಈ ಸಲ ನಾನು ಒಳಗೆ ಕೂತೆ, ಭಾವ ಹೊರಗೆ ಕೂತು ಮಾತಾಡಿದರು. 76 ಹೇಳಿದೆವು, ಅವರು 68 ಅಂದರು, 72ಕ್ಕೆ ನಿಂತಿತು. ಭಾವ ಒಂದು ಗಂಟೆಯಲ್ಲಿ ನಾಲ್ಕು ಸಲ ಎದ್ದು ಹೋಗುವ ಹಾಗೆ ಮಾಡಿದರಂತೆ. ನನಗೆ ಅದು ಯಾವ ಜನ್ಮಕ್ಕೂ ಬರುವುದಿಲ್ಲ.

ಈಗ ಹೊಸ ತಲೆಬಿಸಿ. ಪತ್ರದಲ್ಲಿ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಮಾತ್ರ ತೋರಿಸೋಣ, ಉಳಿದದ್ದು ನಗದು ಕೊಡುತ್ತೇವೆ ಅನ್ನುತ್ತಾರೆ. ಅವರಿಗೆ ಖರ್ಚು ಕಡಿಮೆ ಆಗುತ್ತದೆ, ನಮಗೂ ಟ್ಯಾಕ್ಸ್ ಕಡಿಮೆ ಅಂತ. ಎಲ್ಲರೂ ಹಾಗೇ ಮಾಡುತ್ತಾರಂತೆ.

ಭದ್ರಾವತಿ ಬಸ್ಸು:
ಬೇಡ. ನಿವೇಶನ ಮನೆ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ, ತಗೊಂಡಷ್ಟೇ ದಂಡ. ಹತ್ತು ಲಕ್ಷ ತಗೊಂಡರೆ ಹತ್ತು ಲಕ್ಷ. ಬೀಳುವುದು ತಗೊಂಡವರಿಗೆ, ಕೊಟ್ಟವರಿಗಲ್ಲ. ಆ ನಗದು ಅಕ್ಕನಿಗೆ ತಂಗಿಗೆ ಹೇಗೆ ಹಂಚುತ್ತೀರಿ, ಬ್ಯಾಂಕಿಗೆ ಹೇಗೆ ಕಟ್ಟುತ್ತೀರಿ? ಅಡಿಕೆ ದುಡ್ಡು ಕೃಷಿ ಆದಾಯ, ಅವರಿಗೆ ಅದರ ಮೇಲೆ ಆದಾಯ ತೆರಿಗೆ ಇಲ್ಲ. ಮಂಡಿಯ ಪಟ್ಟಿ ಇರುತ್ತದೆ, ಖಾತೆಯಿಂದಲೇ ಆರ್‌ಟಿಜಿಎಸ್ ಮಾಡಲು ಅವರಿಗೇನು ಕಷ್ಟ?

ಅವರ ಸಂಕಟವೂ ಗೊತ್ತಾಗುತ್ತದೆ. ಪಟ್ಟಣದಲ್ಲಿ ಸ್ಟಾಂಪ್ ಡ್ಯೂಟಿ ಸೆಸ್ ಎಲ್ಲ ಸೇರಿ 5.6 ಪರ್ಸೆಂಟ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಒಂದರಿಂದ ಎರಡು ಪರ್ಸೆಂಟ್ ಆಯಿತು. 72 ಲಕ್ಷಕ್ಕೆ 5,47,200 ರೂಪಾಯಿ. ಬೇಕಾದರೆ ರೇಟಿನಲ್ಲಿ ಐವತ್ತು ಸಾವಿರ ಬಿಡಿ, ನಗದು ಮಾತ್ರ ಬೇಡ.

ಟ್ಯಾಕ್ಸ್ ಬಗ್ಗೆ: ಅಪ್ಪನ ಮನೆ 2001ಕ್ಕಿಂತ ಹಿಂದಿನದು, ಹಾಗಾಗಿ 2001ರ ಏಪ್ರಿಲ್ 1ರ ಮೌಲ್ಯವನ್ನು ಖರೀದಿ ಬೆಲೆ ಅಂತ ಹಿಡಿಯಬಹುದು, ವ್ಯಾಲ್ಯುಯರ್ ಹತ್ತಿರ ವರದಿ ಮಾಡಿಸಿ. ಲಾಭಕ್ಕೆ 12.5 ಪರ್ಸೆಂಟ್, ಇಲ್ಲ ಇಂಡೆಕ್ಸೇಷನ್ (ಹಳೇ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವುದು) ಹಾಕಿ 20 ಪರ್ಸೆಂಟ್. ಯಾವುದು ಕಡಿಮೆಯೋ ಅದು. ನಿಮ್ಮ ಪಾಲಿನ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅದೂ ಉಳಿಯುತ್ತದೆ. ಲೆಕ್ಕ ಹಾಕಿಸಿ ನೋಡಿ, ಹೆದರಿದಷ್ಟು ಬರುವುದಿಲ್ಲ.

ಕಾಗದ ಪತ್ರ:
ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ ಮರೆಯಬೇಡಿ. 50 ಲಕ್ಷ ಮುಟ್ಟಿದರೆ ಕೊಳ್ಳುವವರು 1 ಪರ್ಸೆಂಟ್ ಹಿಡಿದು ಕಟ್ಟಬೇಕು. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 18 ಲಕ್ಷ ತಾನೇ ಅಂತ ಹೇಳುವ ಹಾಗಿಲ್ಲ, 2024ರ ಅಕ್ಟೋಬರ್‌ನಿಂದ ಒಟ್ಟು ಮೊತ್ತ ನೋಡುತ್ತಾರೆ. ಒಬ್ಬೊಬ್ಬ ಮಾರುವವರಿಗೆ ಒಬ್ಬೊಬ್ಬ ಕೊಳ್ಳುವವರು ಬೇರೆ ಬೇರೆ ಫಾರಂ ತುಂಬಬೇಕು. ಕೊಳ್ಳುವವರು ಗಂಡ ಹೆಂಡತಿ ಇಬ್ಬರಾದರೆ ಎಂಟು ಫಾರಂ! ನಾಲ್ಕೂ ಜನರ ಪ್ಯಾನ್ ಸರಿ ಇದೆಯಾ ನೋಡಿಕೊಳ್ಳಿ. ನಿಮ್ಮಲ್ಲಿ ಯಾರಾದರೂ ವಿದೇಶದಲ್ಲಿದ್ದರೆ ಈ 1 ಪರ್ಸೆಂಟ್ ಲೆಕ್ಕ ನಡೆಯುವುದಿಲ್ಲ, ಅದು ಬೇರೆಯೇ ಕಥೆ.

ಇನ್ನೂ ಒಂದು. ಮೂಲ ಪತ್ರ ಕೈ ಬಿಡಬೇಡಿ. ಜೆರಾಕ್ಸ್ ಕೊಡಿ, ಮೇಲೆ ಅಡ್ಡಗೆರೆ ಎಳೆದು "ಪರಿಶೀಲನೆಗೆ ಮಾತ್ರ" ಅಂತ ಬರೆದು ಕೊಡಿ. ಅಡ್ವಾನ್ಸ್ ತಗೊಂಡ ದಿನವೇ ಕರಾರು ಪತ್ರ ಆಗಲಿ. ಎಷ್ಟು ದಿನದೊಳಗೆ ಮುಗಿಸಬೇಕು, ಅವರು ಹಿಂದೆ ಸರಿದರೆ ಏನು, ನೀವು ಸರಿದರೆ ಏನು, ಎಲ್ಲ ಬರೆದಿರಲಿ. ಗೊತ್ತಿರುವವರು ಅಂತ ಬಾಯಿಮಾತಿನಲ್ಲಿ ಬಿಟ್ಟರೆ ಗೊತ್ತಿರುವವರೂ ಇರುವುದಿಲ್ಲ, ಮನೆಯೂ ಇರುವುದಿಲ್ಲ.

ತುಂಗೆಯ ದಡ:
ಮುಗಿಯಿತು. ಹೋದ ವಾರ ರಿಜಿಸ್ಟ್ರೇಷನ್.

ನಗದು ಬೇಡ ಅಂದೆವು, ನಲವತ್ತು ಸಾವಿರ ಬಿಟ್ಟೆವು, ಒಪ್ಪಿದರು. 71,60,000, ಎಲ್ಲ ಖಾತೆಗೇ ಬಂತು. ಕಚೇರಿಯಲ್ಲಿ ನಾಲ್ಕು ಜನರದ್ದೂ ಫೋಟೊ, ಹೆಬ್ಬೆಟ್ಟು. ಅಮ್ಮನ ಬೆರಳು ಯಂತ್ರಕ್ಕೆ ಹಿಡಿಯಲೇ ಇಲ್ಲ. ಐವತ್ತು ವರ್ಷ ಪಾತ್ರೆ ತೊಳೆದ ಕೈ, ಗೆರೆಯೇ ಸವೆದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿ, ತಿರುಗಿಸಿ, ಎಂಟನೇ ಸಲಕ್ಕೆ ಹಿಡಿಯಿತು. ಹಿಂದೆ ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ.

ಖರ್ಚು ಕೇಳುವವರಿಗೆ: ವಕೀಲರಿಗೆ 12,000, ಹಳೇ ಅಡಮಾನ ಬಿಡಿಸಿದ್ದು, ಖಾತೆ, ಇಸಿ, ವ್ಯಾಲ್ಯುಯರ್, ಓಡಾಟ ಎಲ್ಲ ಸೇರಿ ಇನ್ನೊಂದು 20,000 ಹತ್ತಿರ. ಬೋರ್ಡಿಗೆ 900. ಭಾವನಿಗೆ ಒಂದು ಪಂಚೆ ಶಲ್ಯ. ಸಮಯ ಒಂದು ವರ್ಷದ ಹತ್ತಿರ. ಆ ಒಂದು ವರ್ಷ ನಿಮ್ಮ ಹತ್ತಿರ ಇಲ್ಲದಿದ್ದರೆ ಸಾಗರ ರೋಡ್ ಅವರಿಗೆ ಫೋನ್ ಮಾಡುವುದೇ ಸರಿ, ನಾನು ಬೈಯುವುದಿಲ್ಲ.

ಮೆಸ್ಕಾಂ ಬಿಲ್ಲು, ನೀರಿನ ಕಂದಾಯದ ಹೆಸರು ಬದಲಾವಣೆಗೆ ಅವರೇ ಅರ್ಜಿ ಕೊಡುತ್ತಾರಂತೆ. ನಾನು ಕೊನೆಯ ಬಿಲ್ಲು ಕಟ್ಟಿ ಮೀಟರ್ ಫೋಟೊ ತೆಗೆದಿಟ್ಟುಕೊಂಡಿದ್ದೇನೆ. ಅಮ್ಮ ಅಜ್ಜಿಗೆ ಫೋನ್ ಮಾಡಿ ತಗಡು ಎಲ್ಲಿ ಸಿಗುತ್ತದೆ ಅಂತ ಹೇಳಿ ಆಯಿತು.

ಸಾಗರ ರೋಡ್:
ಒಳ್ಳೆಯದಾಯಿತು ಸಾರ್. ನಿಮ್ಮ ಭಾವ ಕೆಲಸ ಹುಡುಕುತ್ತಿದ್ದರೆ ಹೇಳಿ.

ತೀರ್ಥಹಳ್ಳಿ ತಿರುವು:
ದಡದವರೇ, ಆ ಬೋರ್ಡ್ ಇನ್ನೂ ಇದೆಯಾ? ಗೋಪಾಳದಲ್ಲಿ ನಮ್ಮ ಅತ್ತೆಯದ್ದೊಂದು ಮನೆ ಮಾರಬೇಕು. ಹೊಸದು ಬರೆಸುವುದು ಯಾಕೆ ಅಂತ.

ತುಂಗೆಯ ದಡ:
ಇದೆ, ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ನಂಬರ್ ಮಾತ್ರ ಒರೆಸಿ ನಿಮ್ಮದು ಬರೆಸಿಕೊಳ್ಳಿ. ಸಂಜೆ ಆರರ ಮೇಲೆ ಮನೆಯಲ್ಲೇ ಇರುತ್ತೇನೆ. ಬರುವಾಗ ಅತ್ತೆಯವರ ಇಸಿ ತಗೊಂಡು ಬನ್ನಿ, ನೋಡೋಣ.